ಟೇಲರ್ ಸಾಹೇಬರಿಗೆ ಸುರಪುರದಿಂದ ಒಂದು ಅಹವಾಲು

ಕರ್ನಲ್ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರ ಸನ್ನಿಧಾನಕ್ಕೆ,

ಸುರಪುರ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಮಾಜಿ ಸೈನಿಕರ ಅರ್ಜಿ ಬರೆದುಕೊಡುವ ನಿವೃತ್ತ ಹವಾಲ್ದಾರ್ ಕ್ಲರ್ಕ್‌ನ ಸಲಾಮು. 1876ರಲ್ಲೇ ತೀರಿಕೊಂಡವನಿಗೆ ಎಂಥ ಪತ್ರ ಎಂದು ಹುಬ್ಬೇರಿಸಬೇಡಿ. ಬದುಕಿರುವ ಸಾಹೇಬರಿಗೆ ಬರೆದವಕ್ಕೂ ಉತ್ತರ ಬಂದಿಲ್ಲ. ಆ ಲೆಕ್ಕದಲ್ಲಿ ನೀವೂ ಅವರೂ ಒಂದೇ ರ‍್ಯಾಂಕು.

ವಿಷಯ: ತಾವು ಬರೆದ ಒಂದು ಸ್ಪೆಲ್ಲಿಂಗು.

ನೀವು 1841ರಲ್ಲಿ ಬ್ರಿಟಿಷರ ಆಡಳಿತಾಧಿಕಾರಿಯಾಗಿ ಇಲ್ಲಿಗೆ ಬಂದು 1853ರವರೆಗೆ ಇದ್ದಿರಿ. ಎಳೆಯ ರಾಜಾ ವೆಂಕಟಪ್ಪ ನಾಯಕನಿಂದ ‘ಅಪ್ಪಾ’ ಎನಿಸಿಕೊಂಡಿರಿ, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದಿರಿ. ಟೇಲರ್ ಮಂಜಿಲ್ ಇನ್ನೂ ಗಟ್ಟಿಯಾಗಿದೆ. ಅದಕ್ಕಿಂತ ಗಟ್ಟಿಯಾಗಿ ನಿಂತದ್ದು ನೀವು ಇಂಗ್ಲಿಷಿನಲ್ಲಿ ಊರ ಹೆಸರು ಬರೆದ ರೀತಿ: ಶೋರಾಪುರ. ನಾವು ಸುರಪುರ ಅಂತೀವಿ, ಬಸ್ಸಿನ ಬೋರ್ಡೂ ಹಾಗೇ ಅನ್ನುತ್ತದೆ. ವಿಧಾನಸಭಾ ಕ್ಷೇತ್ರದ ಇಂಗ್ಲಿಷ್ ಹೆಸರು ಮಾತ್ರ ಇವತ್ತಿಗೂ ನಿಮ್ಮದೇ. ಆ ಕಾಲದ ದೊರೆಗಳೆಲ್ಲ ಹಾಗೇ ಬರೆದರು, ನಿಜ. ಆದರೆ ಪುಸ್ತಕ ಬರೆದು ಸಿಕ್ಕಿಬಿದ್ದವರು ನೀವು.

ಕಳೆದ ನವೆಂಬರಿನಲ್ಲಿ ಹುಣಸಗಿ ಕಡೆಯ ಅಜ್ಜಿಯೊಬ್ಬಳು ಬಂದಳು. ಮದ್ರಾಸ್ ಸ್ಯಾಪರ್ಸ್‌ನಲ್ಲಿ 17 ವರ್ಷ ದುಡಿದು ಬಂದ ಗಂಡ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಕಂಕುಳಲ್ಲಿ ತಗಡಿನ ಪೆಟ್ಟಿಗೆ. ಒಳಗೆ ಗೊಬ್ಬರದ ಚೀಲದಲ್ಲಿ ಸುತ್ತಿದ ಡಿಸ್ಚಾರ್ಜ್ ಬುಕ್ಕು, ಅಂಚು ಹರಿದ ಪಿಪಿಒ (ಪಿಂಚಣಿ ಪಾವತಿ ಆದೇಶ), ಎರಡು ಮೆಡಲು, ನುಸಿಗುಳಿಗೆ ವಾಸನೆ. ಬೆಂಚಿನ ಮೇಲೆ ಹರವಿ ನೋಡಿದೆ. ಡಿಸ್ಚಾರ್ಜ್ ಬುಕ್ಕಿನ ಪ್ರಕಾರ ಆತ ಶೋರಾಪುರ ತಾಲ್ಲೂಕು, ಗುಲ್ಬರ್ಗ ಜಿಲ್ಲೆಯವನು. ಆಧಾರ್ ಪ್ರಕಾರ ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ. ಮರಣ ಪ್ರಮಾಣಪತ್ರದಲ್ಲಿ ಹುಣಸಗಿ ತಾಲ್ಲೂಕು. ಪಿಂಚಣಿಗೆ ಬಂದಮೇಲೆ ಮನೆಯ ಕಟ್ಟೆ ಬಿಟ್ಟು ಕದಲದ ಮನುಷ್ಯ! ಕಟ್ಟೆಯ ಮೇಲೆ ಕೂತಿದ್ದ ಹಾಗೇ, 2009ರ ಡಿಸೆಂಬರ್ 30ರಂದು ಗುಲ್ಬರ್ಗ ಒಡೆದು ಯಾದಗಿರಿ ಜಿಲ್ಲೆಯಾಯಿತು. 2014ರ ನವೆಂಬರ್ 1ರಂದು ಹಿಂದೆ ಉಳಿದ ಗುಲ್ಬರ್ಗವೂ ಕಲಬುರಗಿಯಾಯಿತು. ಆಮೇಲೆ ಸುರಪುರ ಒಡೆದು ಹುಣಸಗಿ, ಶಹಾಪುರ ಒಡೆದು ವಡಗೇರಾ. ದೇಶದ ಗಡಿಯನ್ನು ಇಂಚೂ ಸರಿಯಗೊಡದವನ ಊರಿನ ಗಡಿ ಹೀಗೆ ಅವನ ಕಾಲ ಕೆಳಗೇ ಸರಿದಾಡಿತು.

ಇದು ಗಂಡನ ಕತೆ. ಹೆಂಡತಿಯದು ಇನ್ನೂ ಸೊಗಸು. ಆಧಾರ್‌ನಲ್ಲಿ ನೀಲಮ್ಮ, ಪಾಸ್‌ಬುಕ್ಕಿನಲ್ಲಿ ನೀಲವ್ವ. ಯಾವನೋ ಪರಭಾಷೆಯ ಕ್ಲರ್ಕ್, ನನ್ನ ಕುಲಬಾಂಧವನೇ, ಸೇನೆಯ ದಾಖಲೆಯಲ್ಲಿ ‘ನಿಲಾಮ’ ಎಂದು ಬರೆದಿದ್ದ. ನಿಲಾಮ ಅಂದರೆ ನಮ್ಮಲ್ಲಿ ಹರಾಜು. “ನಿನ್ನ ಗಂಡ ನಿನಗೇನಂತ ಕರೀತಿದ್ದಬೇ?” ಅಂದೆ. “ಏ, ಬಾ ಇಲ್ಲಿ ಅಂತಿದ್ದರ್ರಿ” ಅಂದಳು. ಆ ಒಂದು ಹೆಸರಿಗೆ ಮಾತ್ರ ಯಾವ ಕಚೇರಿಯ ಆಕ್ಷೇಪಣೆಯೂ ಇಲ್ಲ.

ಸೈನಿಕ ಮದುವೆಯಾದರೆ ಯೂನಿಟ್ಟಿನಿಂದ ಪಾರ್ಟ್ ಟು ಆರ್ಡರ್ ಹೊರಟು ಹೆಂಡತಿಯ ಹೆಸರು ರೆಕಾರ್ಡ್ ಆಫೀಸು ಸೇರುತ್ತದೆ. ಸೇರಿದ ಹೆಸರೇ ಹೆಂಡತಿ. ಕುಟುಂಬ ಪಿಂಚಣಿ ಅವಳಿಗೇ. ಎದುರಿಗೆ ಕೂತು ಕಣ್ಣೊರೆಸಿಕೊಳ್ಳುತ್ತಿರುವವಳು ಬೇರೆ. ಅವಳು ಕಾಗದದ ಹೆಂಡತಿಯಾಗಲು ಅಫಿಡವಿಟ್ಟು, ಪತ್ರಿಕೆಯಲ್ಲಿ ಜಾಹೀರಾತು, ಅದನ್ನು ಹಿಡಿದು ಸುಮಾರು ನೂರು ಕಿಲೋಮೀಟರ್ ದೂರದ ಕಲಬುರಗಿಯ ಸೈನಿಕ ಕಲ್ಯಾಣ ಕಚೇರಿ. ಯಾದಗಿರಿಯವರಿಗೆ ರೈಲಾದರೂ ಇದೆ. ಸುರಪುರ, ಶಹಾಪುರದವರಿಗೆ ಬಸ್ಸೇ ಗತಿ.

ಮೊದಲು ಆಧಾರ್ ಸರಿಮಾಡಿಸೋಣವೆಂದು ಆಧಾರ್ ಕೇಂದ್ರಕ್ಕೆ ಕರೆದೊಯ್ದೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ತೊಟ್ಟು ಮುರಿದು ನುಣ್ಣಗಾದ ಹೆಬ್ಬೆಟ್ಟು. ಯಂತ್ರ ಒಲ್ಲೆ ಅಂದಿತು. “ತಲಿಗೆ ಒರಸ್ಕೊಂಡು ಒತ್ತಬೇ” ಅಂದ ಹುಡುಗ. ಕೂದಲಿನ ಎಣ್ಣೆ ಹತ್ತಿದರೆ ಗೆರೆ ಏಳುತ್ತದಂತೆ. ಒತ್ತಿದಳು, ಒರೆಸಿದಳು, ಸೆರಗಿಗೆ ತಿಕ್ಕಿ ಮತ್ತೆ ಒತ್ತಿದಳು. ಐದನೇ ಸಲಕ್ಕೆ ಹಸಿರು ದೀಪ. ಅಜ್ಜಿ ಯಂತ್ರಕ್ಕೆ ಕೈಮುಗಿದಳು. ಪಿಂಚಣಿ ಶುರುವಾದ ಮೇಲೂ ವರ್ಷಕ್ಕೊಮ್ಮೆ ಜೀವಂತ ಇದ್ದೀನಿ ಎಂದು ಸಾಬೀತು ಮಾಡಬೇಕು ಅನ್ನುವುದನ್ನು ಅವತ್ತು ಅವಳಿಗೆ ಹೇಳಲಿಲ್ಲ. ಈಗ ಸೇನೆಯ ಪಿಂಚಣಿಯೆಲ್ಲ ಕಂಪ್ಯೂಟರಿನಲ್ಲಿ. ಆ ವ್ಯವಸ್ಥೆಯ ಹೆಸರು ‘ಸ್ಪರ್ಶ್’. ಹೆಸರಿಡುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಅಜ್ಜಿಯೊಬ್ಬಳದೇ ಅಲ್ಲ, ಶಹಾಪುರದ ನಾಯಕ್ ಒಬ್ಬನದು ಜಮೀನಿನ ಅರ್ಜಿ. 1969ರ ಭೂ ಮಂಜೂರಾತಿ ನಿಯಮದಲ್ಲೇ ಮಾಜಿ ಸೈನಿಕರಿಗೆ ಪಾಲಿದೆ. ಕಡತ ಎಲ್ಲಿದೆ ಎಂದು ಕೇಳಿದಾಗಲೆಲ್ಲ ಅವನು ಮಲಗಿದ ಬುದ್ಧನಂತೆ ಕಾಣುವ ಊರ ಗುಡ್ಡದ ಕಡೆ ಕೈ ತೋರಿಸುತ್ತಾನೆ.

ಸಾಹೇಬರೇ, ದೇಶದ ಸೇನಾ ಪಿಂಚಣಿಯ ದೊಡ್ಡ ಲೆಕ್ಕಪತ್ರವೆಲ್ಲ ಇರುವ ಊರು ಅಲಹಾಬಾದ್. 2018ರಲ್ಲಿ ಅದು ಪ್ರಯಾಗ್‌ರಾಜ್ ಆಯಿತು. ಹಳೇ ಪಿಪಿಒ ಮೇಲಿನ ಊರೂ ಹೊಸ ಕಾಗದದ ಊರೂ ಒಂದೇ ಎಂದು ಅದು ಯಾವ ನೋಟರಿ ಮುಂದೆ ಪ್ರಮಾಣ ಮಾಡಿತು? ಊರಿಗೆ ಎರಡು ಹೆಸರಿರಬಹುದು, ಅಜ್ಜಿಗೆ ಇರಕೂಡದು.

ಕಾಗದದ ಗತಿ ನಿಮಗೂ ಗೊತ್ತಿಲ್ಲದ್ದೇನಲ್ಲ. 1858ರ ದಂಗೆಯಲ್ಲಿ ಸೆರೆಸಿಕ್ಕ ನಿಮ್ಮ ವೆಂಕಟಪ್ಪನಿಗಾಗಿ ನೀವೂ ಓಡಾಡಿದಿರಿ. ಗಲ್ಲು ಇಳಿದು ಗಡೀಪಾರಾಯಿತು, ಗಡೀಪಾರು ಇಳಿದು ನಾಲ್ಕು ವರ್ಷದ ಸೆರೆಯಾಯಿತು. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿ ಪಿಸ್ತೂಲಿನ ಗುಂಡಿಗೆ ಅವನು ಸತ್ತ. ಆದೇಶ ಬಂದಿತ್ತು, ಆಸಾಮಿ ಇರಲಿಲ್ಲ. ನನ್ನ ಬೆಂಚಿನ ಮೇಲೆ ಅಂಥ ಆದೇಶಗಳು ಈಗಲೂ ಬರುತ್ತವೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ‘ನಾನು ಬರೆದ ಶೋರಾಪುರವೂ ಜನ ಕರೆಯುವ ಸುರಪುರವೂ ಒಂದೇ ಮತ್ತು ಅದೇ’ ಎಂದು ಬಾಂಡ್ ಪೇಪರಿನ ಮೇಲೆ ಒಂದು ಅಫಿಡವಿಟ್ಟು ಕಳಿಸಿಕೊಡಿ. ಇಬ್ಬರು ಸಾಕ್ಷಿಗಳಿರಲಿ. ನವೆಂಬರಿನೊಳಗೆ ತಲುಪಲಿ, ಜೊತೆಗೆ ತಮ್ಮ ಜೀವಿತ ಪ್ರಮಾಣಪತ್ರವಿರಲಿ.

ಇಂತಿ ತಮ್ಮ ವಿಧೇಯ,
ಬೆಂಚಿನ ಹವಾಲ್ದಾರ್

ತಾ.ಕ.: ಪ್ರಜೆಗಳು ತಮ್ಮನ್ನು ‘ಮಹಾದೇವ ಬಾಬಾ’ ಎನ್ನುತ್ತಿದ್ದರಂತೆ. ಹಾಗಿದ್ದರೆ ಮೆಡೋಸ್, ಮಹಾದೇವ ಇಬ್ಬರೂ ಒಬ್ಬರೇ ಎಂಬ ಇನ್ನೊಂದು ಅಫಿಡವಿಟ್ಟು ಮೊದಲು ಬೇಕಾಗುತ್ತದೆ. ಪತ್ರಿಕೆಯ ಜಾಹೀರಾತಿನ ಖರ್ಚು ತಮ್ಮದೇ.