ತುಲನೋತ್ತರ ಮೀಮಾಂಸೆ

ಎರಡು ಲೇಖನಗಳನ್ನು ಓದಿದವರು, ಅಥವಾ ಓದಿದವರ ನೋಟ್ಸನ್ನು ಜೆರಾಕ್ಸ್ ಮಾಡಿಸಿಕೊಂಡವರು, ಅವುಗಳ ಸಾಮ್ಯ-ವೈಷಮ್ಯಗಳನ್ನು ಪರೀಕ್ಷೆಯ ಕೊನೆಯ ಇಪ್ಪತ್ತು ನಿಮಿಷದಲ್ಲಿ ಬರೆದು ಮುಗಿಸುವ ಸಾಹಸಕ್ಕೆ ತುಲನೋತ್ತರ ಎನ್ನಬಹುದು. ದೃಶ್ಯಕಲಾ ಪದವಿಯ ಕಲಾ ಇತಿಹಾಸ ಪತ್ರಿಕೆಯಲ್ಲಿ ಇದು ‘ತುಲನಾತ್ಮಕವಾಗಿ ಚರ್ಚಿಸಿ’ ಎಂಬ ಆಜ್ಞೆಯ ರೂಪದಲ್ಲಿ, ಹದಿನೈದು ಅಂಕಗಳ ಆಮಿಷದೊಂದಿಗೆ ಕಾಣಿಸಿಕೊಳ್ಳುತ್ತದೆ. ಉತ್ತರದ ಬಗ್ಗೆ ಸಾಕಷ್ಟು ಚಿಂತನೆ ನಡೆದಿದೆ. ಅದರ ಎಡ ಅಂಚಿನಲ್ಲಿ ಕೆಂಪು ಇಂಕಿನಲ್ಲಿ ಬೀಳುವ ಅಂಕದ ಬಗ್ಗೆ ಮಾತ್ರ ಶಾಸ್ತ್ರಕಾರರು ಮೌನವಾಗಿದ್ದಾರೆ.

ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಅನುಬಂಧ ಚತುಷ್ಟಯವನ್ನು ಮೊದಲೇ ಹೇಳಬೇಕಾಗುತ್ತದೆ. ವಿಷಯ, ಉತ್ತರ ಪತ್ರಿಕೆ. ಅಧಿಕಾರಿ, ಮೌಲ್ಯಮಾಪನದ ಆದೇಶ ಬಂದು ವೈದ್ಯಕೀಯ ಪ್ರಮಾಣಪತ್ರ ದೊರಕದ ಅಧ್ಯಾಪಕ. ಪ್ರಯೋಜನ, ವಿದ್ಯಾರ್ಥಿಗೆ ಪದವಿ, ಅಧಿಕಾರಿಗೆ ಪತ್ರಿಕೆಗಿಷ್ಟೆಂಬ ಸಂಭಾವನೆ ಮತ್ತು ಟಿ.ಎ., ಡಿ.ಎ. ವಿಷಯಕ್ಕೂ ಪ್ರಯೋಜನಕ್ಕೂ ಇರುವ ಸಂಬಂಧ ಇನ್ನೂ ಇತ್ಯರ್ಥವಾಗಿಲ್ಲ.

ತುಲನೆಗೆ ಒದಗುವ ಜೋಡಿಗಳಲ್ಲಿ ಅತ್ಯಂತ ಫಲವತ್ತಾದದ್ದು ಕ್ಲೆಮೆಂಟ್ ಗ್ರೀನ್‌ಬರ್ಗ್ ಮತ್ತು ಹೆರಾಲ್ಡ್ ರೋಸೆನ್‌ಬರ್ಗ್ ಎಂಬ ಇಬ್ಬರು ನ್ಯೂಯಾರ್ಕ್ ವಿಮರ್ಶಕರದು. ರೋಸೆನ್‌ಬರ್ಗ್ 1952ರ ಡಿಸೆಂಬರಿನಲ್ಲಿ ‘ಆರ್ಟ್‌ನ್ಯೂಸ್’ ಪತ್ರಿಕೆಯಲ್ಲಿ ‘ದಿ ಅಮೆರಿಕನ್ ಆ್ಯಕ್ಷನ್ ಪೇಂಟರ್ಸ್’ ಎಂಬ ಲೇಖನ ಬರೆದ. ಕ್ಯಾನ್ವಾಸು ಚಿತ್ರ ಬಿಡಿಸುವ ಜಾಗವಲ್ಲ, ಕಲಾವಿದ ಕಣಕ್ಕಿಳಿಯುವ ಅಖಾಡ, ಅಲ್ಲಿ ಉಳಿಯುವುದು ಚಿತ್ರವಲ್ಲ, ನಡೆದುಹೋದ ಘಟನೆ ಎಂಬುದು ಅವನ ವಾದ. ಅಂಥ ಚಿತ್ರಕಾರರು ಯಾರೆಂದು ಅವನು ಹೆಸರು ಹೇಳಲಿಲ್ಲ. ಓದುಗರೇ ಜಾಕ್ಸನ್ ಪೊಲಾಕನನ್ನು ಆ ಜಾಗದಲ್ಲಿ ಕೂರಿಸಿಕೊಂಡರು. ಗ್ರೀನ್‌ಬರ್ಗನ ‘ಮಾಡರ್ನಿಸ್ಟ್ ಪೇಂಟಿಂಗ್’ 1960ರದು. ಪ್ರತಿಯೊಂದು ಕಲೆಯೂ ತನಗೆ ಮಾತ್ರ ಸೇರಿದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಕಳಚಿಕೊಳ್ಳಬೇಕು, ಚಿತ್ರಕಲೆಗೆ ಹಾಗೆ ಉಳಿಯುವುದು ಚಪ್ಪಟೆತನವೊಂದೇ ಎಂದು ಅವನು ಸಾಧಿಸಿದ. ಚಿತ್ರ ಕಣ್ಣಿಗೆ ಮಾತ್ರ ಸಲ್ಲತಕ್ಕದ್ದು ಎಂಬ ಈ ಉಪನ್ಯಾಸ ಮೊದಲು ಪ್ರಸಾರವಾದದ್ದು ವಾಯ್ಸ್ ಆಫ್ ಅಮೆರಿಕದಲ್ಲಿ, ಅಂದರೆ ರೇಡಿಯೋದಲ್ಲಿ. ಈ ಸಂಗತಿಗೆ ಯಾವ ಸ್ಕೀಮಿನಲ್ಲೂ ಅರ್ಧ ಅಂಕವಿಲ್ಲ.

ಇಬ್ಬರ ಹೆಸರೂ ‘ಬರ್ಗ್’ ಎಂದೇ ಮುಗಿಯುವುದು ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ವರ, ಬರೆಯುವವರಿಗೆ ಶಾಪ. ಲಿಯೋ ಸ್ಟೈನ್‌ಬರ್ಗ್ ಎಂಬ ಮೂರನೆಯವನೂ ಇದ್ದದ್ದರಿಂದ ಟಾಮ್ ವುಲ್ಫ್ ತನ್ನ ‘ದಿ ಪೇಂಟೆಡ್ ವರ್ಡ್’ (1975) ಪುಸ್ತಕದಲ್ಲಿ ಮೂವರನ್ನೂ ‘ಕಲ್ಚರ್‌ಬರ್ಗ್’ ಎಂಬ ಊರಿನ ದೊರೆಗಳೆಂದು ಕರೆದು ನಕ್ಕಿದ್ದ. ಉತ್ತರ ಪತ್ರಿಕೆಗಳಲ್ಲಿ ಈ ಊರು ಇನ್ನೂ ಬೆಳೆಯುತ್ತಿದೆ. ಅಖಾಡದಲ್ಲಿ ನಿಂತು ಚಪ್ಪಟೆತನವನ್ನು ಪ್ರತಿಪಾದಿಸುವ ‘ಗ್ರೋಸೆನ್‌ಬರ್ಗ್’ ಎಂಬ ಸಂಯುಕ್ತ ಪುರುಷ ಅಲ್ಲಿ ಆಗಾಗ ಅವತರಿಸುತ್ತಾನೆ. ತನ್ನನ್ನು ತಾನೇ ಖಂಡಿಸುವ ಈ ವಿಮರ್ಶಕನಿಗೆ ಎಷ್ಟು ಅಂಕ ಕೊಡಬೇಕೆಂಬಲ್ಲಿ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಎರಡೂ ಲೇಖನಗಳ ಸಾರ ಹೇಗೂ ಬಂದಿದೆಯಾದ್ದರಿಂದ ಪೂರ್ತಿ ಕೊಡಬೇಕೆಂದು ಉದಾರಿಗಳ ಮತ. ಒಬ್ಬನೇ ವ್ಯಕ್ತಿಯಿರುವಲ್ಲಿ ತುಲನೆಯೇ ಅಸಂಭವವಾದ್ದರಿಂದ ಸೊನ್ನೆಯೆಂದು ನೈಯಾಯಿಕರ ಮತ. ಏಳೂವರೆ ಕೊಟ್ಟು ಮುಂದಿನ ಪತ್ರಿಕೆ ಎತ್ತಿಕೊಳ್ಳುವುದು ಶಿಷ್ಟಾಚಾರ.

ಅಂಕಕ್ಕೂ ಮೊದಲು ನಿರ್ಧಾರವಾಗಬೇಕಾದ ಸಂಗತಿಯೊಂದಿದೆ: ಹಾಳೆಯ ಮೇಲಿರುವುದು ಉತ್ತರವೇ ಹೌದೇ ಎಂಬುದು. ಇದಕ್ಕೆ ಪ್ರಮಾಣ ಅಮೆರಿಕದ ಸುಂಕದ ಇಲಾಖೆಯಲ್ಲಿ ಸಿಗುತ್ತದೆ. 1926ರಲ್ಲಿ ಬ್ರಾಂಕುಸಿಯ ‘ಬರ್ಡ್ ಇನ್ ಸ್ಪೇಸ್’ ಎಂಬ ಕಂಚಿನ ಶಿಲ್ಪ ನ್ಯೂಯಾರ್ಕ್ ಬಂದರಿಗೆ ಬಂದಾಗ ಅಧಿಕಾರಿಗಳು ಅದರಲ್ಲಿ ರೆಕ್ಕೆ, ಕೊಕ್ಕು, ಪುಕ್ಕ ಹುಡುಕಿ, ಒಂದೂ ಕಾಣದೆ, ಅಡುಗೆಮನೆಯ ಪಾತ್ರೆ ಮತ್ತು ಆಸ್ಪತ್ರೆ ಸಾಮಾನಿನ ಬಾಬಿಗೆ ಸೇರಿಸಿ ಶೇ. 40 ಸುಂಕ ಹಾಕಿದರು. ಕಲಾಕೃತಿಯಾಗಿದ್ದರೆ ಸುಂಕವೇ ಇರುತ್ತಿರಲಿಲ್ಲ. 1928ರಲ್ಲಿ ನ್ಯಾಯಾಲಯ ಅದನ್ನು ಕಲೆಯೆಂದೇ ಒಪ್ಪಿತು. ಗ್ರೀನ್‌ಬರ್ಗ್ ಹಲವು ವರ್ಷ ಸಂಬಳ ಎಣಿಸಿದ್ದು ಅದೇ ಬಂದರಿನ ಅದೇ ಇಲಾಖೆಯಲ್ಲಿ, ಗುಮಾಸ್ತನಾಗಿ. ವಸ್ತುವನ್ನು ಕಂಡ ಕೂಡಲೇ ಇದು ಯಾವ ಬಾಬಿಗೆ ಸೇರಿದ್ದೆಂದು ತೀರ್ಪು ಕೊಡುವ ಅವನ ವಿಮರ್ಶಾಕ್ರಮಕ್ಕೂ ಈ ನೌಕರಿಗೂ ನಂಟು ಕಲ್ಪಿಸುವುದು ಅತಿಯಾದೀತು, ಆದರೆ ಕಲ್ಪಿಸದೆ ಇರುವುದು ಕಷ್ಟ.

ತುಲನೋತ್ತರದ ಮಾರ್ಗಗಳಲ್ಲಿ ಹಳೆಯದು ಕೋಷ್ಟಕ ಮಾರ್ಗ. ಹಾಳೆಯ ನಟ್ಟನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಕ್ಕೊಬ್ಬ ಬರ್ಗ್, ಬಲಕ್ಕೊಬ್ಬ ಬರ್ಗ್ ಎಂದು ನಿಲ್ಲಿಸಲಾಗುತ್ತದೆ. ಏಕದಳ ಮತ್ತು ದ್ವಿದಳ ಸಸ್ಯಗಳ ವ್ಯತ್ಯಾಸ ಬರೆದು ಹೈಸ್ಕೂಲು ದಾಟಿದವರ ಮಾರ್ಗವಿದು. ಮೊದಲ ಸಾಲಿನಲ್ಲಿ 1909ರಲ್ಲಿ ಜನಿಸಿದರು, 1906ರಲ್ಲಿ ಜನಿಸಿದರು ಎಂದೂ ಕೊನೆಯ ಸಾಲಿನಲ್ಲಿ 1994ರಲ್ಲಿ ನಿಧನರಾದರು, 1978ರಲ್ಲಿ ನಿಧನರಾದರು ಎಂದೂ ಇರುತ್ತದೆ. ನಡುವಿನ ಸಾಲುಗಳು ಹುಟ್ಟು-ಸಾವುಗಳ ಅಂತರವನ್ನು ತುಂಬುತ್ತವೆ. ಈ ಮಾರ್ಗದ ದೊಡ್ಡ ಗುಣವೆಂದರೆ ಮೌಲ್ಯಮಾಪಕ ಓದಬೇಕಾಗಿಲ್ಲ, ಸಾಲು ಎಣಿಸಿದರೆ ಸಾಕು. ಇಬ್ಬರೂ ಮಹಾನ್ ವಿಮರ್ಶಕರು, ಇಬ್ಬರೂ ಕಲೆಗೆ ಅಪಾರ ಸೇವೆ ಸಲ್ಲಿಸಿದ್ದಾರೆ ಎನ್ನುವ ಸಮನ್ವಯ ಮಾರ್ಗವೂ ಉಂಟು. ಅದು ಸನ್ಮಾನ ಸಮಾರಂಭಗಳಿಂದ ಬಂದದ್ದು, ಅದರಲ್ಲಿ ವಿವರಿಸುವುದಕ್ಕೇನೂ ಇಲ್ಲ.

ಹೆಚ್ಚು ವಿಚಾರಣೆಗೆ ಅರ್ಹವಾದದ್ದು ದೇಶೀ ಮಾರ್ಗ. ಇದರಲ್ಲಿ ಉತ್ತರ ಎರಡನೆಯ ಪ್ಯಾರಾದಲ್ಲೇ ನ್ಯೂಯಾರ್ಕ್ ಬಿಟ್ಟು ಮೈಸೂರು ಬಸ್ಸು ಹತ್ತುತ್ತದೆ. ರಾಜಾ ರವಿವರ್ಮ ಬರುತ್ತಾನೆ, ಜಗನ್ಮೋಹನ ಅರಮನೆ ಬರುತ್ತದೆ, ಅಲ್ಲಿರುವ ದೀಪ ಹಿಡಿದ ಹೆಂಗಸಿನ ಚಿತ್ರ ಬರುತ್ತದೆ. ಆ ಚಿತ್ರ ರವಿವರ್ಮನದೆಂದು ಬರೆದಿರುತ್ತದೆ. ಅದನ್ನು ಬರೆದವರು ಎಸ್.ಎಲ್. ಹಳದಣಕರ್ ಎಂಬುದು ಮೌಲ್ಯಮಾಪಕನಿಗೆ ಗೊತ್ತಿದ್ದರೆ ಅರ್ಧ ಅಂಕ ಹೋಗುತ್ತದೆ, ಗೊತ್ತಿಲ್ಲದಿದ್ದರೆ ಅರ್ಧ ಅಂಕ ಬರುತ್ತದೆ. ಪ್ರಶ್ನೆ ಬಿಟ್ಟು ಹೊರಗೆ ಹೋದದ್ದಕ್ಕೆ ‘ಅಪ್ರಸ್ತುತ’ ಎಂದು ಕೆಂಪಿನಲ್ಲಿ ಗೀಚುವುದು ವಾಡಿಕೆ. ಆದರೆ ಶಾಸ್ತ್ರದೃಷ್ಟಿಯಿಂದ ನೋಡಿದರೆ ಇಡೀ ಬಂಡಲಿನಲ್ಲಿ ನಿಜವಾದ ತುಲನೆಯ ಹತ್ತಿರ ಸುಳಿದವನು ಇವನೊಬ್ಬನೇ. ಗ್ರೀನ್‌ಬರ್ಗ್ 1939ರಲ್ಲಿ ‘ಪಾರ್ಟಿಸನ್ ರಿವ್ಯೂ’ ಪತ್ರಿಕೆಗೆ ಬರೆದ ‘ಅವಾಂ-ಗಾರ್ಡ್ ಆ್ಯಂಡ್ ಕಿಚ್’ ಲೇಖನದಲ್ಲಿ, ಯಂತ್ರದಲ್ಲಿ ಅಚ್ಚಾಗಿ ಎಲ್ಲರ ಮನೆ ಸೇರುವ ಸುಲಭದ ಕಲೆಯನ್ನು ‘ಕಿಚ್’ ಎಂದು ಜರೆದಿದ್ದ. ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಲಕ್ಷ್ಮಿ-ಸರಸ್ವತಿಯರನ್ನು ಅಂಥದೇ ಯಂತ್ರದಿಂದ ಮನೆಮನೆಯ ಗೋಡೆಗೆ ತಲುಪಿಸಿತ್ತು. ಅರಿಸಿನ-ಕುಂಕುಮ ಮೆತ್ತಿಸಿಕೊಂಡು ದಿನಾ ಊದಿನಕಡ್ಡಿ ಬೆಳಗಿಸಿಕೊಳ್ಳುವ ಅಚ್ಚಿನ ಚಿತ್ರ ಕಿಚ್ ಆಗುತ್ತದೆಯೇ, ಆಗುವುದಿಲ್ಲವೇ? ಗ್ರೀನ್‌ಬರ್ಗನಲ್ಲಿ ಇದಕ್ಕೆ ಉತ್ತರವಿಲ್ಲ. ಕೇಳುವ ಅವಕಾಶ ಮಾತ್ರ ಒಮ್ಮೆ ಬಂದಿತ್ತು: ‘ಟೂ ಡಿಕೇಡ್ಸ್ ಆಫ್ ಅಮೆರಿಕನ್ ಪೇಂಟಿಂಗ್’ ಪ್ರದರ್ಶನದ ಜೊತೆ ಅವನು 1967ರಲ್ಲಿ ದೆಹಲಿಗೇ ಬಂದು ಉಪನ್ಯಾಸ ಕೊಟ್ಟಿದ್ದ. ಬಸ್ಸು ಹತ್ತಿದ ವಿದ್ಯಾರ್ಥಿ ಇನ್ನೆರಡು ಸಾಲು ಮುಂದುವರಿದಿದ್ದರೆ ಈ ಪ್ರಶ್ನೆ ಬಂದೇಬಿಡುತ್ತಿತ್ತು. ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಹೊಡೆಯದಿದ್ದರೂ ಅದಕ್ಕೆ ಅಂಕ ಕೊಡಲು ಸ್ಕೀಮಿನಲ್ಲಿ ಜಾಗವಿಲ್ಲ.

ಕೊನೆಯದು ಶೂನ್ಯ ಮಾರ್ಗ, ಅಂದರೆ ಖಾಲಿ ಹಾಳೆ. ಇದಕ್ಕೆ ಘನವಾದ ಪೂರ್ವಿಕರಿದ್ದಾರೆ. ಮಾಲೆವಿಚ್ 1918ರಲ್ಲಿ ಬಿಳಿಯ ಮೇಲೆ ಬಿಳಿಯ ಚೌಕ ಬರೆದ. ರಾಬರ್ಟ್ ರೌಶೆನ್‌ಬರ್ಗ್, ಇವನೂ ಒಬ್ಬ ಬರ್ಗ್, 1953ರಲ್ಲಿ ವಿಲಿಯಂ ಡಿ ಕೂನಿಂಗನಿಂದ ಒಂದು ರೇಖಾಚಿತ್ರ ಕೇಳಿ ಪಡೆದು, ಕಷ್ಟಪಟ್ಟು ರಬ್ಬರಿನಿಂದ ಅಳಿಸಿ, ಚೌಕಟ್ಟು ಹಾಕಿಸಿದ. ಅದೀಗ ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಸಂಗ್ರಹಾಲಯದಲ್ಲಿದೆ. ಹೀಗಾಗಿ ಬರೆದು ಅಳಿಸಿದ ಹಾಳೆಗೂ ಬರೆಯದೆ ಬಿಟ್ಟ ಹಾಳೆಗೂ ಭೇದವನ್ನು ಎಣಿಸಲೇಬೇಕು. ಮೊದಲನೆಯದರಲ್ಲಿ ಶ್ರಮವಿದೆ, ಎರಡನೆಯದರಲ್ಲಿ ವೈರಾಗ್ಯ ಮಾತ್ರ. ವಿದ್ಯಾರ್ಥಿ ಆಮೇಲೆ ಏನನ್ನೂ ಸೇರಿಸದಂತೆ ಖಾಲಿ ಪುಟಕ್ಕೆ ಮೌಲ್ಯಮಾಪಕ ಮೂಲೆಯಿಂದ ಮೂಲೆಗೆ ಕೆಂಪು ಗೆರೆ ಎಳೆಯಬೇಕೆಂಬ ನಿಯಮವಿರುವುದರಿಂದ, ಈ ಮಾರ್ಗದಲ್ಲಿ ಕೃತಿಯನ್ನು ಪೂರ್ಣಗೊಳಿಸುವವನು ಅವನೇ. ಪ್ರತಿಫಲ ಸೊನ್ನೆಯಾದರೂ ಅದನ್ನು ಎರಡಂಕಿಯಲ್ಲಿ ‘00’ ಎಂದು ಬರೆಯಲಾಗುತ್ತದೆ.

ಇನ್ನು ಮೌಲ್ಯಮಾಪಕರ ಭೇದ. ರಾಜಶೇಖರನ ‘ಕಾವ್ಯಮೀಮಾಂಸೆ’ಯಲ್ಲಿ ನಾಲ್ಕು ಬಗೆಯ ಭಾವಕರನ್ನು ಹೇಳಿದೆ. ಏನೂ ರುಚಿಸದ ಅರೋಚಕಿ, ಹುಲ್ಲುಸಮೇತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಹೊಟ್ಟೆಕಿಚ್ಚಿನ ಮತ್ಸರಿ, ಸಾವಿರಕ್ಕೊಬ್ಬ ಸಿಗುವ ತತ್ತ್ವಾಭಿನಿವೇಶಿ. ಸಾವಿರಕ್ಕಿಂತ ಹೆಚ್ಚು ವರ್ಷ ಹಳೆಯದಾದ ಈ ವಿಂಗಡಣೆ ಮೌಲ್ಯಮಾಪನ ಕೇಂದ್ರದಲ್ಲಿ ಗಡಿಯಾರದ ಪ್ರಕಾರ ನಡೆಯುತ್ತದೆ. ಬೆಳಿಗ್ಗೆ ಹತ್ತಕ್ಕೆ ಅರೋಚಕಿಯಾಗಿ ಕೂತವನು ಊಟದ ನಂತರ ಸತೃಣಾಭ್ಯವಹಾರಿಯಾಗುತ್ತಾನೆ. ಪಕ್ಕದ ಟೇಬಲ್ಲಿನವರು ಬಂಡಲ್ ಮುಗಿಸಿ ಎದ್ದಾಗ ಮತ್ಸರಿಯಾಗುತ್ತಾನೆ. ತತ್ತ್ವಾಭಿನಿವೇಶಿ ಸಿಕ್ಕಿಬಿದ್ದರೆ ಅವನ ಬಂಡಲ್ ಸಂಜೆಯವರೆಗೂ ಮುಗಿಯದೆ, ಉಳಿದವರಿಗೆ ಹಂಚಿಹೋಗುತ್ತದೆ.

ಈ ನಾಲ್ವರನ್ನು ಮೀರಿದ ಇನ್ನೊಂದು ವಿಭಾಗವನ್ನು ಪ್ರಶ್ನೆಯೇ ಒದಗಿಸುತ್ತದೆ. ಗ್ರೀನ್‌ಬರ್ಗೀಯ ಮೌಲ್ಯಮಾಪಕ ಹಾಳೆಯ ಮೇಲ್ಮೈ ಬಿಟ್ಟು ಒಳಗೆ ಹೋಗುವುದಿಲ್ಲ. ಅಂಚು ಬಿಟ್ಟಿದೆಯೇ, ಅಕ್ಷರ ದುಂಡಗಿದೆಯೇ, ತಲೆಬರಹಕ್ಕೆ ಅಡಿಗೆರೆ ಇದೆಯೇ, ಪೀಠಿಕೆ-ಉಪಸಂಹಾರಗಳಿಗೆ ಸ್ಕೆಚ್ ಪೆನ್ನಿನ ಚೌಕವಿದೆಯೇ ಎಂಬಿಷ್ಟನ್ನು ನೋಡುತ್ತಾನೆ. ಉತ್ತರವೆಂಬುದು ಅರ್ಥದ ಭ್ರಮೆ ಹುಟ್ಟಿಸುವ ಕಿಟಕಿಯಲ್ಲ, ಚಪ್ಪಟೆ ಹಾಳೆಯ ಮೇಲಿನ ನೀಲಿ ಗುರುತುಗಳು ಎಂಬುದು ಅವನಿಗೆ ಸ್ವತಃಸಿದ್ಧ. ಅಡಿಷನಲ್ ಶೀಟು ತಲೆಕೆಳಗಾಗಿ ಕಟ್ಟಿದ್ದರೂ ಅವನ ಅಂಕ ಬದಲಾಗುವುದಿಲ್ಲ. ಇದರಲ್ಲಿ ಅವನನ್ನು ದೂರುವಂತಿಲ್ಲ. 1961ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಮತೀಸನ ‘ಲೆ ಬಾತೋ’ ಎಂಬ ದೋಣಿಯ ಚಿತ್ರ 47 ದಿನ ತಲೆಕೆಳಗಾಗಿ ತೂಗುತ್ತಿತ್ತು. ಅಷ್ಟು ದಿನ ಬಂದುಹೋದ ಕಲಾರಸಿಕರ ನಡುವೆ ಅದನ್ನು ಹಿಡಿದು ತೋರಿಸಿದವರು ಷೇರು ವ್ಯವಹಾರದ ಒಬ್ಬ ಮಹಿಳೆ.

ರೋಸೆನ್‌ಬರ್ಗೀಯ ಮೌಲ್ಯಮಾಪಕನಿಗೆ ಉತ್ತರ ಗೌಣ, ಬರೆದ ಕ್ರಿಯೆ ಮುಖ್ಯ. ಕಾಟು-ಗೀಟುಗಳಲ್ಲಿ ಅವನು ಆಂತರಿಕ ಸಂಘರ್ಷ ಕಾಣುತ್ತಾನೆ, ಪೆನ್ನು ಬದಲಾದಲ್ಲಿ ಅಸ್ತಿತ್ವದ ಬಿಕ್ಕಟ್ಟು ಕಾಣುತ್ತಾನೆ, ಚೆಲ್ಲಿದ ಇಂಕಿನ ಮುಂದೆ ಪೊಲಾಕನನ್ನು ನೆನೆದು ಎರಡು ನಿಮಿಷ ಕೂರುತ್ತಾನೆ. ಕೊನೆಯ ಪುಟದಲ್ಲಿ ‘ಸರ್, ದಯವಿಟ್ಟು ಪಾಸ್ ಮಾಡಿ, ಅಕ್ಕನ ಮದುವೆಯಿದೆ’ ಎಂಬ ಸಾಲು ಗ್ರೀನ್‌ಬರ್ಗೀಯನಿಗೆ ಮಾಧ್ಯಮಶುದ್ಧಿಯ ಭಂಗ, ರೋಸೆನ್‌ಬರ್ಗೀಯನಿಗೆ ಇಡೀ ಪತ್ರಿಕೆಯ ಶಿಖರ. ಒಂದೇ ಪತ್ರಿಕೆಗೆ ಮೊದಲನೆಯವನು ನಾಲ್ಕು, ಎರಡನೆಯವನು ಹನ್ನೆರಡು ಕೊಡುವುದು ಹೀಗೆ. ಇಬ್ಬರೂ ಆ ಎರಡು ಲೇಖನಗಳನ್ನು ಓದಿರಬೇಕಾದ ಅಗತ್ಯವಿಲ್ಲ. ಓದದೆಯೇ ಅವುಗಳ ಪ್ರಕಾರ ನಡೆದುಕೊಳ್ಳುವುದು ಸಿದ್ಧಿಯ ಲಕ್ಷಣ.

ಈ ಅಂತರ ಕಲೆಯ ಪ್ರಶ್ನೆಗಳಿಗೆ ಮಾತ್ರ ಅಂಟಿದ ದೋಷವೆಂದು ಪೂರ್ವಪಕ್ಷ. ಅದಕ್ಕೆ ಸಮಾಧಾನ: ಅರ್ಥಶಾಸ್ತ್ರಜ್ಞ ಎಡ್ಜ್‌ವರ್ತ್ 1888ರಷ್ಟು ಹಿಂದೆಯೇ ಪರೀಕ್ಷಕರ ಅಂಕಗಳಲ್ಲಿನ ತಪ್ಪನ್ನು ಸಂಖ್ಯಾಶಾಸ್ತ್ರದಿಂದ ಅಳೆಯಲು ಕೂತಿದ್ದ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಇಂಗ್ಲಿಷಿನ ಎರಡು ಉತ್ತರ ಪತ್ರಿಕೆಗಳ ನಕಲುಗಳನ್ನು ಸುಮಾರು 140 ಶಿಕ್ಷಕರಿಂದ ತಿದ್ದಿಸಿದರು. ನೂರಕ್ಕೆ ಒಂದರ ಅಂಕ 64ರಿಂದ 98ರವರೆಗೆ, ಇನ್ನೊಂದರದು 50ರಿಂದ 97ರವರೆಗೆ ಹರಡಿಕೊಂಡಿತು. ಸಾಹಿತ್ಯವೆಂದರೆ ಹಾಗೇ ಎಂದು ಮೂಗು ಮುರಿದವರಿಗಾಗಿ ರೇಖಾಗಣಿತದಲ್ಲೂ ಅದನ್ನೇ ಮಾಡಿದಾಗ ಹರಹು ಇನ್ನೂ ಹಿಗ್ಗಿತು. 1961ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್‌ನವರು 300 ಪ್ರಬಂಧಗಳನ್ನು 53 ಓದುಗರಿಗೆ ಕೊಟ್ಟು ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಲು ಹೇಳಿದರು. 101 ಪ್ರಬಂಧಗಳಿಗೆ ಒಂಬತ್ತೂ ದರ್ಜೆ ಸಿಕ್ಕಿತು. ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಪಡೆದ ಪ್ರಬಂಧ ಒಂದೂ ಇರಲಿಲ್ಲ. ಆಧುನಿಕ ಕಲೆಯ ವಿಮರ್ಶಕರು ಕೂಡ ಪರಸ್ಪರ ಇಷ್ಟು ಜಗಳವಾಡಿರಲಾರರು.

ಪರಿಹಾರವಾಗಿ ಹುಟ್ಟಿದ್ದು ದ್ವಿಮೌಲ್ಯಮಾಪನ. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ಇಬ್ಬರು ತಿದ್ದಿ, ಸರಾಸರಿ ತೆಗೆಯುವ ಪದ್ಧತಿಯಿದು. ಅಂತರ ಮಿತಿ ಮೀರಿದರೆ ಪತ್ರಿಕೆ ಮೂರನೆಯವರ ಪಾಲಿಗೆ ಹೋಗುತ್ತದೆ. ಮೂರನೆಯವರ ಕೈ ಸೇರಿದ ಪತ್ರಿಕೆ ಜಗಳದ ಪತ್ರಿಕೆಯೆಂದು ಅವರಿಗೆ ಮೊದಲೇ ಗೊತ್ತಿರುವುದರಿಂದ ನಡುವಿನ ಅಂಕವನ್ನೇ ಕೊಡುತ್ತಾರೆ. ಕ್ಯಾನ್ವಾಸು ಅಖಾಡವೂ ಹೌದು, ಚಪ್ಪಟೆಯೂ ಹೌದು ಎಂಬ ಗ್ರೋಸೆನ್‌ಬರ್ಗನ ಸಿದ್ಧಾಂತ ಈ ಹಂತದಲ್ಲಿ ಅಧಿಕೃತವಾಗಿ ಅಂಗೀಕಾರವಾಗುತ್ತದೆ.

ಪರ್ಯಾಯ ವಿಧಾನಗಳಲ್ಲಿ ಗೇಣುಮಾನ ಸುಪ್ರಸಿದ್ಧ. ಉತ್ತರದ ಮೇಲೆ ಗೇಣು ಹಾಕಿ, ಗೇಣಿಗಿಷ್ಟು ಎಂದು ಅಂಕ ಕೊಡುವ ಈ ಪದ್ಧತಿಯನ್ನು ಕರ್ನಾಟಕದ ವಿದ್ಯಾರ್ಥಿಗಳು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದಾರೆ. ನಂಬಿಕೆ ನಿರಾಧಾರವೇನಲ್ಲ. 2005ರಲ್ಲಿ ಎಂ.ಐ.ಟಿ.ಯ ಲೆಸ್ ಪೆರೆಲ್ಮನ್ ಅಮೆರಿಕದ ಎಸ್.ಎ.ಟಿ. ಪರೀಕ್ಷೆಯ ಮಾದರಿ ಪ್ರಬಂಧಗಳನ್ನು ಪರಿಶೀಲಿಸಿ, ಉದ್ದ ಹೆಚ್ಚಿದಂತೆ ಅಂಕವೂ ಹೆಚ್ಚುವುದನ್ನು ತೋರಿಸಿದರು. ಎಲಿಸ್ ಪೇಜ್ 1966ರಲ್ಲಿ ಪ್ರಬಂಧ ತಿದ್ದುವ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ಮಾತೆತ್ತಿದ ಮೇಲೆ ಗೇಣು ಹಾಕುವ ಕೈ ಬದಲಾಗಿದೆ, ಅಷ್ಟೆ. ಇನ್ನೊಂದು ಸೋಪಾನ ವಿಧಾನ. ಪತ್ರಿಕೆಗಳನ್ನು ಮಹಡಿಯಿಂದ ಮೆಟ್ಟಿಲ ಮೇಲೆ ಎಸೆದು, ಬಿದ್ದ ಮೆಟ್ಟಿಲಿನ ಪ್ರಕಾರ ದರ್ಜೆ ಕೊಡುವ ಈ ವಿಧಾನ ಅಧ್ಯಾಪಕರ ಹಾಸ್ಯದಲ್ಲಿ ಮಾತ್ರ ಬಳಕೆಯಲ್ಲಿದೆ ಎಂದು ಅಧ್ಯಾಪಕರು ಹೇಳುತ್ತಾರೆ. ಹಾನ್ಸ್ ಆರ್ಪ್ 1916-17ರಲ್ಲಿ ಹರಿದ ಕಾಗದದ ಚೂರುಗಳನ್ನು ಮೇಲಿಂದ ಉದುರಿಸಿ, ಆಕಸ್ಮಿಕದ ನಿಯಮಕ್ಕೆ ಅನುಸಾರವಾಗಿ ಜೋಡಿಸಿದ್ದೆಂದು ಹೆಸರಿಟ್ಟ ಕೃತಿಯ ಚೂರುಗಳು ಅನುಮಾನ ಬರುವಷ್ಟು ಅಚ್ಚುಕಟ್ಟಾಗಿವೆ. ಮೆಟ್ಟಿಲಿನ ವಿಷಯದಲ್ಲೂ ದಪ್ಪ ಪತ್ರಿಕೆ ದೂರ ಹೋಗುತ್ತದೋ ಹತ್ತಿರ ಬೀಳುತ್ತದೋ ಎಂಬುದು ಎಸೆಯುವವರ ಅಭ್ಯಾಸಕ್ಕೆ ಬಿಟ್ಟದ್ದು.

ಫಲಿತಾಂಶದ ನಂತರದ ವಿಧಿಗಳು ಎರಡು. ಮರುಎಣಿಕೆಯಲ್ಲಿ ಕೊಟ್ಟ ಅಂಕಗಳನ್ನು ಮತ್ತೆ ಕೂಡಲಾಗುತ್ತದೆ, ಉತ್ತರವನ್ನು ಯಾರೂ ಓದುವಂತಿಲ್ಲ. ಮರುಮೌಲ್ಯಮಾಪನದಲ್ಲಿ ಓದಬಹುದು, ಅದಕ್ಕೆ ಶುಲ್ಕ ಹೆಚ್ಚು. ಶುಲ್ಕ ಕಟ್ಟಿದವನ ಪತ್ರಿಕೆ ರೋಸೆನ್‌ಬರ್ಗೀಯನಿಗೆ ಸಿಕ್ಕರೆ ಅಂಕ ಏರುತ್ತದೆ, ಗ್ರೀನ್‌ಬರ್ಗೀಯನಿಗೆ ಸಿಕ್ಕರೆ ‘ಬದಲಾವಣೆ ಇಲ್ಲ’ ಎಂಬ ಉತ್ತರ ಬರುತ್ತದೆ. ನಿಗದಿತ ಅವಧಿ ಕಳೆದ ಮೇಲೆ ಕೋಷ್ಟಕ, ಸಮನ್ವಯ, ದೇಶೀ, ಶೂನ್ಯ ಎಂಬ ಭೇದವಿಲ್ಲದೆ ಎಲ್ಲ ಪತ್ರಿಕೆಗಳನ್ನೂ ಟೆಂಡರ್ ಕರೆದು ಕಿಲೋ ಲೆಕ್ಕದಲ್ಲಿ ರದ್ದಿಗೆ ವಿಲೇವಾರಿ ಮಾಡಲಾಗುತ್ತದೆ. ಅಲ್ಲಿಯೂ ತಕ್ಕಡಿ ಒಂದೇ ಇರುತ್ತದೆ, ಎರಡನೆಯ ತೂಕದ ಪದ್ಧತಿ ಇಲ್ಲ.