ಎರಡು ಕುರ್ಚಿ, ಒಂದು ಗೆಲುವು

ನಮ್ಮ ಗೊಬ್ಬೂರಿನ ಚಹಾದಂಗಡಿಯಲ್ಲಿ ಫುಟ್‌ಬಾಲ್ ಮಾತು ಬರಬೇಕಾದರೆ ಮೊದಲು ಕ್ರಿಕೆಟ್ ಮುಗಿಯಬೇಕು, ಆಮೇಲೆ ತೊಗರಿ ರೇಟು ಮುಗಿಯಬೇಕು. ತೊಗರಿ ರೇಟಿನ ಮಾತು ಮುಗಿದದ್ದನ್ನು ನಾನಂತೂ ಕಂಡಿಲ್ಲ. ಹೀಗಾಗಿ 2025ರ ಮಾರ್ಚ್ 19ರ ರಾತ್ರಿ ಶಿಲ್ಲಾಂಗ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ಮಾಲ್ದೀವ್ಸ್ ತಂಡವನ್ನು 3–0ರಿಂದ ಸೋಲಿಸಿದಾಗ ಇಲ್ಲಿ ಯಾರೂ ಪಟಾಕಿ ಹಚ್ಚಲಿಲ್ಲ. ಐಪಿಎಲ್ ಶುರುವಾಗಲು ಮೂರೇ ದಿನ ಉಳಿದಿತ್ತು. ಪೇಪರಿನ ಆಟದ ಪುಟವೆಲ್ಲ ಅದರದೇ. ಮೂಲೆಯಲ್ಲಿದ್ದ ಈ ಸುದ್ದಿಯನ್ನು ನಾನು ಸ್ವಲ್ಪ ಜೋರಾಗಿಯೇ ಓದಿದೆ.

ಪಕ್ಕದಲ್ಲಿ ಕೂತಿದ್ದ ಕಾಕಾ ಬಸಿಯಲ್ಲಿನ ಚಹಾ ಊದುತ್ತ ಕೇಳಿದರು: “ಮಾಲ್ದೀವ್ಸ್ ಅಂದ್ರ ಎಷ್ಟು ದೊಡ್ಡದದ?”

“ನಮ್ಮ ಕಲಬುರಗಿ ಸಿಟಿಯಷ್ಟು ಮಂದಿ ಇದ್ದಾರ ಕಾಕಾ. ಐದು ಲಕ್ಷದ ಆಜೂಬಾಜೂ.”

“ಹಂಗಾದ್ರ ನೂರಾ ನಲವತ್ತು ಕೋಟಿ ಮಂದಿ ಕೂಡಿ ಕಲಬುರಗಿ ಸೋಲಿಸಿದಂಗಾತು. ಇದರಾಗೇನು ದೊಡ್ಡಸ್ತಿಕಿ?”

ದೊಡ್ಡಸ್ತಿಕೆ ಇತ್ತು. ಕಾಕಾನಿಗೆ ಹೇಳಿ ಮುಗಿಸುವಷ್ಟು ಚಹಾ ಉಳಿದಿರಲಿಲ್ಲ, ಅಷ್ಟೆ. 2024ರ ಇಡೀ ವರ್ಷ ಭಾರತದ ಪುರುಷರ ತಂಡ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ. ಹಿಂದಿನ ಗೆಲುವು 2023ರ ನವೆಂಬರ್‌ನಲ್ಲಿ, ಕುವೈತ್ ಎದುರು. ನಡುವೆ ಒಂದು ಮಳೆಗಾಲ ಬಂದು ಹೋಯಿತು, ಎರಡು ಸಲ ತೊಗರಿ ರಾಶಿಯಾಯಿತು, ಒಬ್ಬ ಕೋಚ್ ಮನೆಗೆ ಹೋದರು, ಇನ್ನೊಬ್ಬರು ಬಂದರು. ಬಂದವರು ಸ್ಪೇನ್‌ನ ಮನೋಲೋ ಮಾರ್ಕೆಜ್. ಅವರಿಗೆ ಇದು ಮೊದಲ ಗೆಲುವು.

ಮನೋಲೋ ನಮಗೆ ತೀರಾ ಪರಕೀಯರಲ್ಲ. 2022ರಲ್ಲಿ ಹೈದರಾಬಾದ್ ಎಫ್‌ಸಿಗೆ ಐಎಸ್‌ಎಲ್ ಕಪ್ ಗೆದ್ದುಕೊಟ್ಟವರು, ಮತ್ತು ಈ ಭಾಗದವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆಸ್ಪತ್ರೆಗೂ ಅಲ್ಲಿಗೇ ಹೋಗುತ್ತೇವೆ, ಮದುವೆ ಜವಳಿಗೂ ಅಲ್ಲಿಗೇ. 2024ರ ಜುಲೈನಲ್ಲಿ ಅವರನ್ನು ರಾಷ್ಟ್ರೀಯ ತಂಡಕ್ಕೆ ನೇಮಿಸಿದರು. ಆದರೆ ಅವರು ಆಗ ಎಫ್‌ಸಿ ಗೋವಾ ತಂಡದ ಕೋಚ್ ಕೂಡ ಹೌದು. ಅದನ್ನೂ ಬಿಡಬೇಡಿ, ಇದನ್ನೂ ನೋಡಿಕೊಳ್ಳಿ ಎಂದರು.

ಇಲ್ಲಿ ನನಗೆ ಅವರ ಮೇಲೆ ಕರುಳು ಮಿಡಿಯಿತು. ‘ಪ್ರಭಾರ’ ಎಂದರೇನೆಂದು ನಮ್ಮ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಪಿಡಿಒಗೆ ಎರಡು ಪಂಚಾಯಿತಿ, ಒಬ್ಬ ಹೆಡ್‌ಮಾಸ್ತರರಿಗೆ ಎರಡು ಶಾಲೆ. ಈ ಊರಲ್ಲಿ ಕೇಳಿದರೆ ಸಾಹೇಬರು ಆ ಊರಿಗೆ ಹೋಗಿದ್ದಾರೆ. ಆ ಊರಲ್ಲಿ ಕೇಳಿದರೆ ಮೀಟಿಂಗಿಗೆ ಹೋಗಿದ್ದಾರೆ. ಪಾಪ, ಅವರು ನಿಜವಾಗಿಯೂ ಬಸ್ಸಿನಲ್ಲಿ ಎರಡು ಊರಿನ ನಡುವೆ ಎಲ್ಲೋ ನಿಂತಿರುತ್ತಾರೆ. ಮನೋಲೋ ಸಾಹೇಬರೂ ಹಾಗೆಯೇ. ಗೋವಾದ ಕುರ್ಚಿಯಲ್ಲಿ ಕೂತಾಗ ತಂಡ ಗೆಲ್ಲುತ್ತಿತ್ತು, ಭಾರತದ ಕುರ್ಚಿಗೆ ಬಂದಾಗ ಡ್ರಾ ಆಗುತ್ತಿತ್ತು. ಹೈದರಾಬಾದಿನಲ್ಲಿ ಮಾರಿಷಸ್ ಜತೆ 0–0, ಸಿರಿಯಾ ಎದುರು 0–3 ಸೋಲು, ವಿಯೆಟ್ನಾಂನಲ್ಲಿ 1–1. ಮತ್ತೆ ಹೈದರಾಬಾದಿನಲ್ಲಿ ಮಲೇಷ್ಯಾ ಜತೆ 1–1. ಆ ಪಂದ್ಯದಲ್ಲಿ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಗೋಲು ಬಿಟ್ಟು ಮುಂದೆ ಓಡಿ ಬಂದರು, ಚೆಂಡು ಅವರನ್ನು ದಾಟಿ ಖಾಲಿ ಗೋಲಿಗೆ ಹೋಯಿತು. ಮನೋಲೋ ಗೆರೆಯಾಚೆ ನಿಂತು ನೋಡಿದರು. ಬೇರೇನು ಮಾಡಲು ಬರುತ್ತದೆ?

ಆ ಗೆರೆಯನ್ನು ನೀವು ಟಿವಿಯಲ್ಲಿ ನೋಡಿರಬಹುದು. ಮೈದಾನದ ಪಕ್ಕ, ಬೆಂಚಿನ ಮುಂದೆ, ಬಿಳಿ ತುಂಡು ಗೆರೆಗಳ ಒಂದು ಚೌಕ. ಕೋಚ್ ಆದವರು ಅದರೊಳಗೇ ಕುಣಿಯಬೇಕು, ಕೂಗಬೇಕು, ತಲೆಗೂದಲು ಕಿತ್ತುಕೊಳ್ಳಬೇಕು. ದಾಟಿದರೆ ಆಟಗಾರರಂತೆ ಅವರಿಗೂ ಕಾರ್ಡ್. ಮನೋಲೋಗಿಂತ ಮೊದಲಿದ್ದ ಕ್ರೊಯೇಷ್ಯಾದ ಇಗೋರ್ ಸ್ಟಿಮ್ಯಾಚ್ ಅವರಿಗೆ ಈ ಚೌಕ ಸಾಲುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಸ್ಯಾಫ್ ಪಂದ್ಯಾವಳಿ. ಪಾಕಿಸ್ತಾನದ ಆಟಗಾರ ಥ್ರೋ ಎಸೆಯಲು ಹೊರಟರೆ, ಈ ದೊಡ್ಡ ಮನುಷ್ಯ ಅವನ ಕೈಯಲ್ಲಿನ ಚೆಂಡನ್ನೇ ತಟ್ಟಿಬಿಟ್ಟರು! ಕೆಂಪು ಕಾರ್ಡ್. ಭಾರತ 4–0ರಿಂದ ಗೆದ್ದಿತು, ಸುನಿಲ್ ಚೆಟ್ರಿ ಮೂರು ಗೋಲು ಹೊಡೆದರು. ಅದೇ ಪಂದ್ಯಾವಳಿಯಲ್ಲಿ ಕುವೈತ್ ಎದುರು ಸ್ಟಿಮ್ಯಾಚ್‌ಗೆ ಮತ್ತೊಂದು ಕೆಂಪು ಕಾರ್ಡ್. ಆದರೂ ಕಪ್ ನಮ್ಮದೇ ಆಯಿತು. ಕೋಚ್ ಹೊರಗೆ ಹೋದರೇ ತಂಡ ಚೆನ್ನಾಗಿ ಆಡುತ್ತದೆ ಎಂದು ಯಾರಾದರೂ ಪ್ರಬಂಧ ಮಂಡಿಸಬಹುದಿತ್ತು. ಮರುವರ್ಷ ಸ್ಟಿಮ್ಯಾಚ್ ಪೂರ್ತಿಯಾಗಿ ಹೊರಗೆ ಹೋದರು, ತಂಡವೇನೂ ಸುಧಾರಿಸಲಿಲ್ಲ.

ನಮ್ಮ ಜಾತ್ರೆಯ ಕುಸ್ತಿಯಲ್ಲೂ ವಸ್ತಾದ ಇರುತ್ತಾನೆ. ಪೈಲ್ವಾನ ಚಿತ್ ಆದರೆ ಜನ ವಸ್ತಾದನಿಗೆ ಬೈಯುವುದಿಲ್ಲ. “ಹುಡುಗ ಮೈಗಳ್ಳ, ಹಾಲು ತುಪ್ಪ ದಂಡ ಆತು” ಎಂದು ಹುಡುಗನಿಗೇ ಬೈಯುತ್ತಾರೆ. ಗೆದ್ದರೆ ಮಾತ್ರ ವಸ್ತಾದನಿಗೆ ರುಮಾಲು. ಫುಟ್‌ಬಾಲಿನಲ್ಲಿ ಇದು ತಿರುವುಮುರುವು: ಗೆದ್ದರೆ ಆಟಗಾರ, ಸೋತರೆ ಕೋಚ್. ಆಡುವವರು ಹನ್ನೊಂದು ಜನ, ಅಷ್ಟೂ ಜನರನ್ನು ಬದಲಾಯಿಸುವುದು ಕಷ್ಟ; ಒಬ್ಬನನ್ನು ಬದಲಾಯಿಸುವುದು ಸಸ್ತಾ. ನನ್ನ ಲೆಕ್ಕದಲ್ಲಿ ಇದರ ಹಿಂದೆ ಇದಕ್ಕಿಂತ ದೊಡ್ಡ ತತ್ವವೇನಿಲ್ಲ.

ರಾಷ್ಟ್ರೀಯ ತಂಡದ ಕೋಚ್‌ಗಂತೂ ಆಟಗಾರರು ಸಿಗುವುದೇ ವರ್ಷದಲ್ಲಿ ಕೆಲವು ದಿನ. ಉಳಿದಂತೆ ಅವರು ಕ್ಲಬ್‌ಗಳ ಸೊತ್ತು. ಕ್ಲಬ್‌ಗಳೋ ಗೋಲು ಹೊಡೆಯುವ ಜಾಗಕ್ಕೆ ಹೆಚ್ಚಾಗಿ ವಿದೇಶಿಯರನ್ನೇ ತರುತ್ತವೆ. ನಮ್ಮ ಹುಡುಗರು ಮೂಲೆಯಿಂದ ಚೆಂಡು ಕೊಟ್ಟು ಕೊಟ್ಟು, ಹೊಡೆಯುವುದನ್ನೇ ಮರೆತಂತಿದ್ದಾರೆ. ಆಗ ಮನೋಲೋ ಮಾಡಿದ್ದೇನೆಂದರೆ, ನಿವೃತ್ತರಾದ ಸುನಿಲ್ ಚೆಟ್ರಿಯನ್ನೇ ವಾಪಸು ಕರೆದರು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ದೇಶವೆಲ್ಲ ಕಣ್ಣೀರಿಟ್ಟು ಬೀಳ್ಕೊಟ್ಟಿತ್ತು. ಒಂಬತ್ತು ತಿಂಗಳಿಗೆ ಮನುಷ್ಯ ಮರಳಿ ಹಾಜರ್, ವಯಸ್ಸು ನಲವತ್ತು! 2013ರಿಂದ ಹೆಚ್ಚೂಕಡಿಮೆ ನಮ್ಮ ಬೆಂಗಳೂರು ಎಫ್‌ಸಿಯವರೇ ಆಗಿಬಿಟ್ಟ ಚೆಟ್ರಿ, ಆ ಋತುವಿನ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು. ಕರೆಯದೆ ಏನು ಮಾಡುವುದು?

“ರಿಟೈರ್ ಆದ ಮಾಸ್ತರ್‌ಗ ಅತಿಥಿ ಶಿಕ್ಷಕ ಮಾಡ್ಯಾರೇನು?” ಎಂದರು ಕಾಕಾ. “ಹಂಗಾದ್ರ ಪಾಸ್ ಆಗ್ತಾರ ತಗೋ.”

ಪಾಸಾದರು. ಮಾಲ್ದೀವ್ಸ್ ಎದುರು ಮೊದಲರ್ಧದಲ್ಲಿ ಬ್ರ್ಯಾಂಡನ್ ಫರ್ನಾಂಡಿಸ್ ಎತ್ತಿದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟರು. ಇದೇ ಭೆಕೆ 2019ರಲ್ಲಿ ಇಂಥದೇ ಕಾರ್ನರ್‌ಗೆ ತಲೆ ಕೊಟ್ಟು ಬೆಂಗಳೂರಿಗೆ ಐಎಸ್‌ಎಲ್ ಕಪ್ ತಂದಿದ್ದರು. ಆ ತಲೆಗೆ ವಿಮೆ ಮಾಡಿಸಿದ್ದಾರೋ ಇಲ್ಲವೋ. ಎರಡನೆಯದು ಲಿಸ್ಟನ್ ಕೊಲಾಸೊ. ಮೂರನೆಯದನ್ನು ಚೆಟ್ರಿಯೇ ತಲೆಯಿಂದ ತೂರಿಸಿದರು, ದೇಶಕ್ಕಾಗಿ ಅವರ 95ನೇ ಗೋಲು. ಶಿಲ್ಲಾಂಗ್‌ನ ಜನ ಎದ್ದು ಕುಣಿದರು.

ಈ ಗೆಲುವಿನಿಂದ ಮನೋಲೋಗೆ ಉಸಿರಾಡಲು ಎಷ್ಟು ಬಿಡುವು ಸಿಕ್ಕಿತು? ಆರು ದಿನ. ಮಾರ್ಚ್ 25ರಂದು ಅದೇ ಮೈದಾನದಲ್ಲಿ ಬಾಂಗ್ಲಾದೇಶದ ಜತೆ 0–0. ಮಾಲ್ದೀವ್ಸ್ ಪಂದ್ಯ ಬರೀ ಸ್ನೇಹಪೂರ್ವಕ, ಇದು ಏಷ್ಯನ್ ಕಪ್ ಅರ್ಹತೆಯದು. ಸೋಲುತ್ತಿದ್ದಾಗ ಸುಮ್ಮನಿದ್ದವರೆಲ್ಲ ಒಂದು ಗೆಲುವಿನ ರುಚಿ ಹತ್ತಿದ ಮೇಲೆ ಬಾಯಿ ತೆರೆದರು. ಜೂನ್‌ನಲ್ಲಿ ಥಾಯ್ಲೆಂಡ್ ಎದುರು ಸೋಲು, ಹಾಂಗ್‌ಕಾಂಗ್ ಎದುರು ಕೊನೆಗಳಿಗೆಯ ಪೆನಾಲ್ಟಿಯಲ್ಲಿ ಸೋಲು. ನಡುವೆ ಮೇ ತಿಂಗಳಲ್ಲಿ, ಇನ್ನೊಂದು ಕುರ್ಚಿಯಲ್ಲಿ ಕೂತು, ಅವರು ಗೋವಾಕ್ಕೆ ಸೂಪರ್ ಕಪ್ ಗೆದ್ದುಕೊಟ್ಟಿದ್ದರು! ಜುಲೈನಲ್ಲಿ ಪರಸ್ಪರ ಒಪ್ಪಿಗೆಯಿಂದ ಭಾರತದ ಕುರ್ಚಿ ಬಿಟ್ಟರು. ಎಂಟು ಪಂದ್ಯ, ಒಂದು ಗೆಲುವು. ಶಿಲ್ಲಾಂಗ್‌ನದೇ ಮೊದಲು, ಅದೇ ಕೊನೆ.

ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಮೊದಲ ಪಂದ್ಯದಲ್ಲೇ ತಜಿಕಿಸ್ತಾನವನ್ನು ಅವರ ನೆಲದಲ್ಲಿ 2–1ರಿಂದ ಸೋಲಿಸಿದರು. ಕಾಕಾನಿಗೆ ಖುಷಿಯಿಂದ ಹೇಳಿದರೆ ಅವರು ಹೌಹಾರಿದರು:

“ಬಂದ ದಿನಾನೇ ಗೆದ್ದನ? ಮುಗೀತು ಅವನ ಕತಿ. ಇನ್ನ ದಿನಾ ಗೆಲ್ಲು ಅಂತಾರ ನೋಡು.”

ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದ ಎದುರು 1–2ರಿಂದ ಸೋತು ಏಷ್ಯನ್ ಕಪ್ ದಾರಿ ಮುಚ್ಚಿದಾಗ, ಜನ ಅಂದದ್ದು ಅದನ್ನೇ. ಕಾಕಾ ಮಾತ್ರ ಆ ಹೊತ್ತಿಗೆ ತೊಗರಿಗೆ ಬಿದ್ದ ಹುಳದ ಮಾತು ಶುರು ಮಾಡಿದ್ದರು.