ತ್ವಕ್‌ಪ್ರಸಾದ

ಮನುಷ್ಯನು ಬದುಕಿದ್ದಾನೆಂಬುದಕ್ಕೆ ಅವನ ಉಸಿರೇ ಸಾಕಷ್ಟು ಸಾಕ್ಷಿಯೆಂದು ನಂಬಿದ್ದ ನಾನು, ಸೇವೆಯಿಂದ ನಿವೃತ್ತನಾದ ಮೇಲೆ ಪ್ರತಿ ನವೆಂಬರಿನಲ್ಲಿಯೂ ಆ ಸಂಗತಿಯನ್ನು ಬ್ಯಾಂಕಿನವರ ಸಮಕ್ಷಮದಲ್ಲಿ ಲಿಖಿತವಾಗಿ ಸಿದ್ಧಪಡಿಸಬೇಕಾಗುವುದೆಂದು ಎಣಿಸಿರಲಿಲ್ಲ. ಹನ್ನೊಂದು ವರ್ಷ ಈ ಜೀವಿತ ಪ್ರಮಾಣಪತ್ರವು ನಿರ್ವಿಘ್ನವಾಗಿ ಸಂದಿತು. ಹನ್ನೆರಡನೆಯ ವರ್ಷ, ಹೊಸದಾಗಿ ಬಂದಿದ್ದ ತರುಣನೊಬ್ಬನು ಕಡತದಲ್ಲಿದ್ದ ಭಾವಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಬಹು ವಿನಯದಿಂದ, "ಪಿಂಚಣಿ ಇವರದು ಅಲ್ವಾ ಸರ್? ನೀವು ಇವರ ಅಣ್ಣನಾ?" ಎಂದು ಕೇಳಿದನು. ಅಪ್ಪನೇ ಎಂದು ಕೇಳಲಿಲ್ಲವೆಂಬುದು ಅವನ ದಾಕ್ಷಿಣ್ಯ. ತಿಂಗಳು ಮುಗಿಯುವುದರೊಳಗೆ ಹೊಸ ಭಾವಚಿತ್ರವನ್ನು ತಂದುಕೊಡತಕ್ಕದ್ದೆಂದು ತೀರ್ಮಾನವಾಯಿತು.

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವನಿಗೆ ತನ್ನ ಮುಖವನ್ನು ಓದುವುದು ಕಷ್ಟವಲ್ಲ: ಹುಬ್ಬುಗಳ ನಡುವಣ ಎರಡು ಗೆರೆಗಳು ವಾರ್ಷಿಕ ತಪಾಸಣೆಯವು, ಕಣ್ಣ ಕೆಳಗಿನ ಕಪ್ಪು ಮಗಳ ಮದುವೆಯ ಸಾಲದ್ದು, ಹಣೆಯ ಮೇಲಿನ ಸಾಲುಗಳು ಪೂರ್ತಿಯಾಗಿ ಒಬ್ಬ ಮೇಲಧಿಕಾರಿಗೇ ಸೇರಿದವು. ನನ್ನ ಈ ಪರಿಶೀಲನೆಯನ್ನು ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನಾಕೆ, "ಅದೆಷ್ಟು ನೋಡಿದ್ರೂ ಅದೇ ಇರುತ್ತೆ ಅಂದ್ರೆ. ಅಕ್ಕಯ್ಯನ್ನ ಕೇಳಿ" ಎಂದಳು.

ಅಕ್ಕಯ್ಯನೆಂದರೆ ನನ್ನ ಅಕ್ಕ. ನನಗಿಂತ ಹತ್ತು ವರ್ಷ ಹಿರಿಯಳಾದ ಆಕೆಯನ್ನು ನನ್ನ ತಂಗಿಯೆಂದು ಭಾವಿಸಿದವರುಂಟು. ನಂಜನಗೂಡಿನಿಂದ ಬಂದಿಳಿದಾಗಲೆಲ್ಲ ಆಕೆಯ ಚೀಲದಲ್ಲಿ ಸೀಗೆಪುಡಿ, ಹೆಸರುಹಿಟ್ಟುಗಳ ಡಬ್ಬಿಗಳು ಇದ್ದೇ ಇರುವುವು. ಸಾಬೂನು ಬಟ್ಟೆಗೆ ಹುಟ್ಟಿದ್ದೇ ಹೊರತು ಚರ್ಮಕ್ಕಲ್ಲವೆಂಬುದು ಅವಳ ಸಿದ್ಧಾಂತ. ಮಹಾಯುದ್ಧದ ದೆಸೆಯಿಂದ ಹಡಗು ಹತ್ತಲಾರದೆ ರಾಶಿಬಿದ್ದ ಶ್ರೀಗಂಧದಿಂದ ಎಣ್ಣೆ ಬಟ್ಟಿಯಿಳಿಸಲೆಂದು ಮೈಸೂರು ಸಂಸ್ಥಾನವು 1916ರಲ್ಲಿ ಆರಂಭಿಸಿದ ಉದ್ಯಮದ ಫಲವಾದ ಆ ಸುಪ್ರಸಿದ್ಧ ಸಾಬೂನಿಗೆ ಮಾತ್ರ ಆಕೆ ಗೌರವ ತೋರುವಳು. ಅದನ್ನು ಕಾಗದವನ್ನೂ ಬಿಚ್ಚದೆ ರೇಷ್ಮೆ ಸೀರೆಗಳ ನಡುವೆ ಇಡುವಳು. ಅರಿಶಿನಕ್ಕೆ ಗಾಯ ಮಾಯಿಸುವ ಗುಣವಿದೆಯೆಂಬುದರ ಮೇಲೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟು ಕೊಟ್ಟು, ನಮ್ಮ ವೈಜ್ಞಾನಿಕ ಪರಿಷತ್ತು ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ರದ್ದುಪಡಿಸಿದ ವೃತ್ತಾಂತವನ್ನು ನಾನು ಓದಿ ಹೇಳಿದಾಗ, "ಅದಕ್ಕೆ ಗ್ರಂಥ ಯಾಕೋ? ನನ್ನ ಕರೆದಿದ್ರೆ ನಾನೇ ಹೇಳ್ತಿದ್ದೆ" ಎಂದವಳು.

ಆಕೆಯ ಕೈಗೆ ಮುಖವನ್ನು ಒಪ್ಪಿಸುವ ಮುನ್ನ ನಾನೂ ಕೊಂಚ ಗ್ರಂಥಾವಲೋಕನ ಮಾಡಿದೆ. ಚರ್ಮಕ್ಕೆ ಆರು ಪದರಗಳೆಂದು ಚರಕನೂ ಏಳೆಂದು ಸುಶ್ರುತನೂ ಹೇಳುವರು. ಉಳಿದೊಂದು ಪದರವು ಲೆಕ್ಕಕ್ಕೆ ಸಿಗದೆ ಹೋದುದು ನನ್ನಂತಹವನಿಗೆ ಸ್ವಲ್ಪ ಕಳವಳವನ್ನುಂಟುಮಾಡಿತು. ವಾಗ್ಭಟನಾದರೋ ಅಭ್ಯಂಗವು ಜರೆಯನ್ನೂ ಶ್ರಮವನ್ನೂ ವಾತವನ್ನೂ ಕಳೆಯುವುದೆಂದು ಒಂದೇ ಉಸಿರಿನಲ್ಲಿ ಹೇಳಿ, ಚೂರ್ಣದಿಂದ ಮೈಯುಜ್ಜುವ ಉದ್ವರ್ತನವು ತ್ವಕ್ಕಿಗೆ ಪ್ರಸಾದವನ್ನು ಕೊಡುವುದೆಂದು ಸೇರಿಸುತ್ತಾನೆ. ಪ್ರಸಾದವೆಂದರೆ ಇಲ್ಲಿ ನಿರ್ಮಲತೆ. ದೊನ್ನೆಯಲ್ಲಿ ಕೊಡುವ ಪುಳಿಯೋಗರೆಯಲ್ಲವೆಂದು ನನ್ನಾಕೆಗೆ ಬಿಡಿಸಿ ಹೇಳಬೇಕಾಯಿತು. ನಮ್ಮ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ 'ಮಾನಸೋಲ್ಲಾಸ'ದಲ್ಲಿ ಸ್ನಾನಕ್ಕೊಂದು, ಲೇಪನಕ್ಕೊಂದು ಅಧ್ಯಾಯವನ್ನು ಮೀಸಲಿಟ್ಟು, ಎರಡನ್ನೂ ರಾಜನ ಉಪಭೋಗಗಳಲ್ಲಿ ಎಣಿಸಿದ್ದಾನೆ. ಚಕ್ರವರ್ತಿಯು ಗಂಧ ಪೂಸಿಕೊಂಡರೆ ಭೋಗ, ಪಿಂಚಣಿದಾರನು ಪೂಸಿಕೊಂಡರೆ ಹುಚ್ಚು ಎಂಬ ಭೇದವು ಆ ಗ್ರಂಥದಲ್ಲಿಲ್ಲ. ಅದು ನಮ್ಮ ಬೀದಿಯಲ್ಲಿದೆ.

ಅಕ್ಕಯ್ಯ ಬರೆಸಿದ ಪಟ್ಟಿಯನ್ನು ಹಿಡಿದು ಗ್ರಂಥಿಗೆ ಅಂಗಡಿಗೆ ಹೋದೆ. ಲಾವಂಚದ ಬೇರು, ಮಂಜಿಷ್ಠ, ಒಣಗಿದ ಗುಲಾಬಿ ಎಸಳು, ಕಸ್ತೂರಿ ಅರಿಶಿನ. ಒಂದೊಂದು ಡಬ್ಬಿಯ ಮುಚ್ಚಳ ತೆಗೆದಾಗಲೂ ಬಾಲ್ಯದ ಒಂದೊಂದು ಹಬ್ಬದ ಬೆಳಗು ಹೊರಬರುತ್ತಿದ್ದ ಆ ಅಂಗಡಿಯಲ್ಲಿ ನಾನು ಅರ್ಧ ಗಂಟೆ ಮೈಮರೆತು ನಿಂತಿದ್ದೆನಾದರೂ, ಕಸ್ತೂರಿ ಅರಿಶಿನದ ಬೆಲೆಯನ್ನು ಕೇಳಿದೊಡನೆ ಮೈ ತಿಳಿಯಿತು. ಮನೆಯ ಡಬ್ಬಿಯಲ್ಲಿ ಚಾಮರಾಜನಗರದ ಕಡೆಯ ಗಾಢವಾದ ಅರಿಶಿನವು ಒಂದು ಸೇರು ಇರುವಾಗ, ಅರಿಶಿನಕ್ಕೆಂದು ಮತ್ತೆ ದುಡ್ಡು ತೆರುವುದು ಮೂವತ್ತನಾಲ್ಕು ವರ್ಷದ ನನ್ನ ಅಭ್ಯಾಸಕ್ಕೆ ವಿರುದ್ಧವಾಗಿತ್ತು. ಆ ಒಂದು ಬಾಬನ್ನು ಹೊಡೆದುಹಾಕಿ, ಮನೆಗೆ ಬಂದು, ಯಾರೂ ಇಲ್ಲದ ವೇಳೆಯಲ್ಲಿ ಅಡುಗೆಯ ಅರಿಶಿನವನ್ನೇ ಪೊಟ್ಟಣ ಕಟ್ಟಿ ಅಕ್ಕಯ್ಯನ ಮುಂದೆ ಇಟ್ಟೆ.

ಕನ್ನಡಕವನ್ನು ಊರಿನಲ್ಲಿಯೇ ಮರೆತುಬಂದಿದ್ದ ಆಕೆ ನನ್ನನ್ನು ನಂಬಿದಳು. ಭಾನುವಾರ ಮುಂಜಾನೆ ನನ್ನನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟುತ್ತ, ಸಂಪ್ರದಾಯದಂತೆ ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮರೆಂಬ ಸಪ್ತ ಚಿರಂಜೀವಿಗಳನ್ನು ಕರೆದಳು. ಏಳು ಮಂದಿ ಚಿರಂಜೀವಿಗಳು. ಒಬ್ಬನಾದರೂ ನವೆಂಬರಿನಲ್ಲಿ ಸಾಲಿನಲ್ಲಿ ನಿಂತವನಲ್ಲ! ಅನಂತರ ಹೆಸರುಹಿಟ್ಟು, ಕಡಲೆಹಿಟ್ಟು, ಪಟ್ಟಿಯ ಪುಡಿಗಳು, ಹಿತ್ತಲಿನ ಲೋಳೆಸರದ ತಿರುಳು ಇವುಗಳನ್ನು ಕೆನೆಯಲ್ಲಿ ಕಲಸಿ ಮುಖಕ್ಕೆ ಮೆತ್ತಿದಳು. ಶ್ರೀಗಂಧವನ್ನು ತೇಯಬಾರದೇ ಎಂದುದಕ್ಕೆ, "ಕೊರಡು ಹೆಬ್ಬೆಟ್ಟಿನಷ್ಟು ಉಳಿದಿದೆ. ಅದು ದೇವರ ಪಾಲು. ನಿನ್ನ ಮುಖಕ್ಕೆ ಇಷ್ಟು ಸಾಕು" ಎಂಬ ಉತ್ತರ ಬಂದಿತು. ಕಾಲು ಗಂಟೆ ಮಾತ್ರ ಬಿಡಬೇಕೆಂಬ ಅಪ್ಪಣೆಯಾಗಿತ್ತು. ಆದರೆ ಎಣ್ಣೆಯ ತಂಪು, ಎಳೆಬಿಸಿಲು, ಲಾವಂಚದ ಕಂಪುಗಳು ಒಟ್ಟುಗೂಡಿ ಜಗಲಿಯ ಮೇಲೆ ನನಗೆ ಎಂತಹ ನಿದ್ರೆಯನ್ನು ತಂದುವೆಂದರೆ, ಎದ್ದಾಗ ಒಂದೂವರೆ ಗಂಟೆಯಾಗಿತ್ತು.

ಮುಖ ತೊಳೆದೆ. ಗೆರೆಗಳು ಇದ್ದಲ್ಲಿಯೇ ಇದ್ದುವು. ಆದರೆ ಈಗ ಹಳದಿಯಾಗಿದ್ದುವು. ಗಾಬರಿಗೊಂಡು ಬಟ್ಟೆಯ ಸಾಬೂನನ್ನು ಹಚ್ಚಿ ಉಜ್ಜಿದೆ. ಕ್ಷಾರ ತಗುಲಿದ ಅರಿಶಿನವು ಕೆಂಪಾಗುವುದೆಂಬುದು, ಸುಣ್ಣ ಬೆರಸಿ ಆರತಿಯ ಓಕುಳಿ ಕದಡುವ ಮನೆಯಲ್ಲಿ ಹುಟ್ಟಿದ ನನಗೆ ಆ ಕ್ಷಣದಲ್ಲಿ ನೆನಪಾಗಬೇಕಿತ್ತು. ಆಗಲಿಲ್ಲ. ಬಚ್ಚಲಿನಿಂದ ಹೊರಬಂದ ನನ್ನ ಮುಖವನ್ನು ಕಂಡು ನನ್ನಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕಯ್ಯ ಹತ್ತಿರ ಬಂದು ಮೂಸಿನೋಡಿ, "ಕಸ್ತೂರಿ ಅರಿಶಿನ ಹೀಗೆ ಹಿಡಿಯಲ್ಲ ಕಣೋ. ಇದು ಸಾರಿಗೆ ಹಾಕೋದು. ಎಷ್ಟು ದುಡ್ಡು ಉಳಿಸ್ದೆ?" ಎಂದಳು. ನಾನು ಹೇಳಲಿಲ್ಲ, ಅಷ್ಟು ಸಣ್ಣ ಮೊತ್ತವದು. ಕೊಬ್ಬರಿ ಎಣ್ಣೆಯಿಂದ ಒರಸಿ, ಬಿಸಿಲಿಗೆ ಮುಖವೊಡ್ಡಿ ಕೂತರೆ ಎರಡು ಮೂರು ದಿನದಲ್ಲಿ ಬಣ್ಣ ಇಳಿಯುವುದೆಂದು ಆಕೆ ಆಶ್ವಾಸನೆಯಿತ್ತಳು. ಆದರೆ ಅಂದು ನವೆಂಬರ್ 29.

ಮರುದಿನ ಬೆಳಗ್ಗೆ ಸ್ಟುಡಿಯೋದವನು ದೀಪಗಳನ್ನು ನಾಲ್ಕು ಬಾರಿ ಹಿಂದೆ ಮುಂದೆ ಸರಿಸಿ, ಕೊನೆಗೆ ಕೈಚೆಲ್ಲಿ, ಇದ್ದುದನ್ನು ಇದ್ದಂತೆಯೇ ತೆಗೆದುಕೊಟ್ಟನು. ಬ್ಯಾಂಕಿನ ತರುಣನು ನನ್ನನ್ನು ಕಂಡೊಡನೆ ಎದ್ದುನಿಂತು, ಕುರ್ಚಿ ಹಾಕಿಸಿ, "ಕಾಮಾಲೆನಾ ಸರ್? ಇಂಥ ಸ್ಥಿತೀಲಿ ನೀವೇ ಬರಬೇಕಿತ್ತಾ?" ಎಂದು ನೊಂದುಕೊಂಡು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕಾಣದ ತ್ವರೆಯಿಂದ ಐದು ನಿಮಿಷದಲ್ಲಿ ಕೆಲಸವನ್ನು ಮುಗಿಸಿದನು; ಬದುಕಿದ್ದೇನೆಂಬ ಪತ್ರಕ್ಕೆ ಮುದ್ರೆ ಬೀಳುವುದರೊಳಗೆ ನಾನು ಸತ್ತುಹೋಗಬಹುದೆಂಬ ಭೀತಿ ಅವನಿಗಿದ್ದಿರಬೇಕು. ಹಳೆಯ ಭಾವಚಿತ್ರವನ್ನು ಕಿತ್ತು ಹೊಸದನ್ನು ಕಡತಕ್ಕೆ ಅಂಟಿಸಿ, "ಈಗ ನೋಡಿ ಸರ್, ಸರಿಯಾಗಿ ನಿಮ್ಮ ಹಾಗೇ ಇದೆ" ಎಂದನು.

ಆ ಚಿತ್ರವು ಈಗಲೂ ಅಲ್ಲಿಯೇ ಇದೆ. ಅದರ ಪರಿಣಾಮವಾಗಿ, ಪ್ರಮಾಣಪತ್ರ ಕೊಡುವ ಹಿಂದಿನ ರಾತ್ರಿ ನನ್ನಾಕೆ ಅಡುಗೆಮನೆಯ ಡಬ್ಬಿಯಿಂದ ಎರಡು ಚಮಚ ಅರಿಶಿನವನ್ನು ತೆಗೆದು ಬಟ್ಟಲಿನಲ್ಲಿ ಕಲಸಿಡುತ್ತಾಳೆ. ಬಟ್ಟೆಯ ಸಾಬೂನನ್ನೂ ಮರೆಯದೆ ಪಕ್ಕದಲ್ಲಿಡುತ್ತಾಳೆ.